ಬೇಲಿಯವಳ ಎಣ್ಣೆ

ನನ್ನ ಮಗಳು ತೀರಿಕೊಂಡ ಮೇಲೆ ನಾನು ದೇವರಲ್ಲಿ ಕೇಳಿಕೊಂಡದ್ದು ಒಂದೇ. ಅವಳನ್ನು ಯಾಕೆ ಕರೆದುಕೊಂಡೆ ಎಂದು ಕೇಳಲಿಲ್ಲ; ಕೇಳಿದರೂ ನನಗೆ ಅರ್ಥವಾಗುವಂಥ ಉತ್ತರ ಬರಲಾರದು ಎಂದು ಗೊತ್ತಿತ್ತು. ಬೇಲಿಯವಳ ಎಣ್ಣೆ ಚೆನ್ನಾಗಿ ಬರಲಿ ಎಂದಷ್ಟೇ ಕೇಳಿಕೊಂಡೆ.

ಬೇಲಿಯವಳು ಎಂದರೆ ಹೆಂಗಸಲ್ಲ, ಒಂದು ಗಿಡ. ಮಗಳು ಕೆಲಸ ಮಾಡುತ್ತಿದ್ದ ಸಂಶೋಧನಾ ಕೇಂದ್ರದಲ್ಲಿ ಕಾಡುಹರಳಿನ ತಳಿಗಳನ್ನು ಒಂದಕ್ಕೊಂದು ಹೋಲಿಸಿ ನೋಡುತ್ತಿದ್ದರು. ಅದರ ಬೀಜದ ಎಣ್ಣೆಯಿಂದ ಎಂಜಿನ್ನಿಗೆ ಹಾಕುವ ಇಂಧನ ತಯಾರಾಗುತ್ತದೆ. ಯಾವ ತಳಿಯ ಸಸಿ ಗಟ್ಟಿಯಾಗಿ ಬೆಳೆಯುತ್ತದೆ, ಯಾವುದರ ಬೀಜದ ಎಣ್ಣೆ ಶುದ್ಧವಾಗಿದೆ ಎಂದು ಎರಡನ್ನೂ ಅಳೆದು, ಒಳ್ಳೆಯದನ್ನು ಉಳಿಸಿಕೊಂಡು ಮಿಕ್ಕದ್ದನ್ನು ಕಿತ್ತುಹಾಕುವುದು ಅಲ್ಲಿನ ಕ್ರಮ. ಮಿಕ್ಕ ತಳಿಗಳೆಲ್ಲ ಬೇರೆ ಬೇರೆ ಕೇಂದ್ರಗಳಿಂದ ಸಂಖ್ಯೆ ಹೊತ್ತು ಬಂದವು. ಇದೊಂದನ್ನು ಮಾತ್ರ ಮಗಳೇ ಹುಡುಕಿದ್ದಳು. ಬಸ್ ನಿಲ್ದಾಣದ ಹಿಂದಿನ ಖಾಲಿ ನಿವೇಶನದ ಬೇಲಿಯಲ್ಲಿ ಅದು ಮೈತುಂಬ ಕಾಯಿ ಹೊತ್ತು ನಿಂತಿತ್ತಂತೆ. ಅವಳಿಗೆ ಆ ದಿನ ಬಸ್ಸು ತಪ್ಪಿತ್ತು, ಅದರಿಂದ ಕಣ್ಣಿಗೆ ಬಿತ್ತು. ಕೇಂದ್ರದಲ್ಲಿ ನೆಟ್ಟಳು, ಮರ ಮಾಡಿದಳು, ಆ ಮರಗಳ ಬೀಜದಿಂದ ಮತ್ತೆ ಸಸಿ ಎಬ್ಬಿಸಿದಳು. ಅದಕ್ಕೂ ಸಂಖ್ಯೆ ಕೊಟ್ಟಿದ್ದರು. ಆದರೆ ಮನೆಯಲ್ಲಿ ಅದು ಬೇಲಿಯವಳು.

"ನಿನ್ನ ಬೇಲಿಯವಳು ಹೇಗಿದ್ದಾಳಮ್ಮ?" ಎಂದು ನಾನು ಸಂಜೆ ಕೇಳುವುದು, "ನನಗಿಂತ ದಪ್ಪ ಆಗಿದ್ದಾಳಪ್ಪ" ಎಂದು ಅವಳು ಹೇಳುವುದು. ಆ ಮಾತಿನಲ್ಲಿ ನಮಗೆ ನಗು ಬರುತ್ತಿತ್ತು. ಕೊನೆಯ ವರ್ಷ ಅದು ನಗುವ ಮಾತಾಗಿ ಉಳಿಯಲಿಲ್ಲ. ರಕ್ತದ ಕಾಯಿಲೆ ಅವಳನ್ನು ಬತ್ತಿಸುತ್ತ ಬಂತು.

ಮನೆಯಲ್ಲಿ ನಾವು ನಾಲ್ವರಿದ್ದೆವು. ನಾನು ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸಿ ಬದುಕಿದವನು. ಮೊಳೆಯ ಕಾಲ ಮುಗಿದ ಮೇಲೆ ಮನೆಯಲ್ಲಿ ಕುಳಿತೆ. ಅಳಿಯ ನೀರೆತ್ತುವ ಪಂಪುಗಳನ್ನು ರಿಪೇರಿ ಮಾಡುತ್ತಾನೆ. ಇನ್ನೊಬ್ಬಳು ನನ್ನ ಅಕ್ಕ. ಮಗಳು ಹಾಲು ಕುಡಿಯುವ ಕೂಸಾಗಿದ್ದಾಗಲೇ ನನ್ನ ಹೆಂಡತಿ ಹೋದಳು. ಅಷ್ಟು ಹೊತ್ತಿಗೆ ಅಕ್ಕನೂ ಗಂಡನನ್ನು ಕಳೆದುಕೊಂಡಿದ್ದಳು. ಒಂದು ಟ್ರಂಕು ಹಿಡಿದು ಬಂದವಳು ಕೂಸನ್ನು ಎತ್ತಿಕೊಂಡಳು, ಮತ್ತೆ ಕೆಳಗೆ ಇಳಿಸಲಿಲ್ಲ ಎಂದೇ ಹೇಳಬೇಕು. ಅಕ್ಕನಿಗೆ ತೊಳೆಯುವ ಹುಚ್ಚು. ಪಾತ್ರೆ, ನೆಲ, ಕಿಟಕಿಯ ಸರಳು, ತರಕಾರಿಯ ಚೀಲ, ಚಿಲ್ಲರೆ ನಾಣ್ಯ, ಎಲ್ಲಕ್ಕೂ ನೀರು ತೋರಿಸದೆ ಬಿಡುವವಳಲ್ಲ. ಮಗಳು ಅವಳಿಗೆ ಸೋಪತ್ತೆ ಎಂದು ಹೆಸರಿಟ್ಟಿದ್ದಳು. ಅಳಿಯ ಮದುವೆಯಾದ ಹೊಸದರಲ್ಲಿ ಅವನ ಎಣ್ಣೆ ಮೆತ್ತಿದ ಸ್ಪ್ಯಾನರುಗಳನ್ನೂ ತೊಳೆದು ತುಕ್ಕು ಹಿಡಿಸಿದ್ದಳು. "ಅತ್ತೆ, ಇನ್ನು ನನ್ನೊಬ್ಬನನ್ನ ತೊಳೆದು ಹಗ್ಗಕ್ಕೆ ಹಾಕೋದು ಬಾಕಿ" ಎಂದು ಅವನು ಹೇಳಿದರೆ, "ನಿಲ್ಲಪ್ಪ, ಬಿಸಿಲು ಬರಲಿ" ಎನ್ನುವಳು.

ಕಳೆದ ಸುಗ್ಗಿಯಲ್ಲಿ ಬೇಲಿಯವಳ ಕಾಯಿ ಬಿಡಿಸುವ ಹೊತ್ತಿಗೆ ಮಗಳಿಗೆ ದಿನಾ ಕೇಂದ್ರಕ್ಕೆ ಹೋಗುವ ಶಕ್ತಿ ಇರಲಿಲ್ಲ. ಬೀಜವನ್ನು ನೆರಳಿನಲ್ಲಿ ಒಣಗಿಸಬೇಕು, ದಿನಾ ಕೈಯಾಡಿಸಬೇಕು. ಬೇರೆಯವರ ಕೈಗೆ ಬಿಡಲು ಮನಸ್ಸು ಬರದೆ, ಎಣ್ಣೆಗೆ ಬೇಕಾದಷ್ಟು ಬೀಜವನ್ನು ಮನೆಗೆ ತಂದು ಹಜಾರದಲ್ಲಿ ತಟ್ಟೆಗಳಲ್ಲಿ ಹರಡಿದಳು. ಬೀಜ ಕೇಂದ್ರದ ಉಗ್ರಾಣ ಬಿಟ್ಟು ಹೊರಗೆ ಹೋಗಬಾರದೆಂಬುದು ನಿಯಮ. ಅಲ್ಲಿ ಎಣ್ಣೆ ಪರೀಕ್ಷೆ ಮಾಡುವವನಿಗೆ, ಮಗಳು ಎಣ್ಣೆಯಣ್ಣ ಎಂದು ಕರೆಯುತ್ತಿದ್ದವನಿಗೆ, ಇದು ಗೊತ್ತಿತ್ತು. ಅವಳ ಮುಖ ನೋಡಿ ಸುಮ್ಮನಿದ್ದ. "ವಿಷದ ಬೀಜ, ಯಾರೂ ಬಾಯಿಗೆ ಹಾಕಬೇಡಿ" ಎಂದು ಮಗಳು ನಮಗೆಲ್ಲ ಹೇಳಿದ್ದಳು. ತಟ್ಟೆಗಳ ಮುಂದೆ ಕುಳಿತು ಕೈಯಾಡಿಸುತ್ತಿದ್ದಳು. ಒಂದು ಮಧ್ಯಾಹ್ನ ಹಾಗೆ ಕುಳಿತವಳು ಏಳಲಾರದೆ ಆಸ್ಪತ್ರೆಗೆ ಹೋದಳು. ಮನೆಗೆ ಬರಲಿಲ್ಲ.

ಕೆಲವು ವಾರಗಳ ನಂತರ ಎಣ್ಣೆಯಣ್ಣ ಬಂದು, ಬೀಜ ತುಂಬಿದ್ದ ಸ್ಟೀಲ್ ಡಬ್ಬವನ್ನು ತಲೆ ತಗ್ಗಿಸಿಕೊಂಡು ತೆಗೆದುಕೊಂಡು ಹೋದ. ಅಂದಿನಿಂದ ನನ್ನ ಪ್ರಾರ್ಥನೆ ಶುರುವಾಯಿತು. ಸಸಿಗಳ ಅಳತೆ ಬಂದಿತ್ತು. ಎತ್ತರದಲ್ಲಿ ಅಲ್ಲದಿದ್ದರೂ ಕಾಂಡದ ದಪ್ಪದಲ್ಲಿ, ಎಲೆಯ ಎಣಿಕೆಯಲ್ಲಿ, ಬೇರಿನ ತೂಕದಲ್ಲಿ ಬೇಲಿಯವಳೇ ಮುಂದಿದ್ದಳು. ಎಣ್ಣೆಯೂ ಒಪ್ಪುವಂತಿದ್ದರೆ ಆ ತಳಿ ಉಳಿಯುತ್ತಿತ್ತು. ಮಗಳದ್ದು ಎಂದು ಭೂಮಿಯ ಮೇಲೆ ಒಂದು ಉಳಿಯುತ್ತಿತ್ತು. ಅವಳಿಗೆ ಮಕ್ಕಳಿರಲಿಲ್ಲ.

ಎಣ್ಣೆಯಣ್ಣ ಮತ್ತೆ ಬಂದದ್ದು ಒಂದು ಭಾನುವಾರ ಸಂಜೆ. ಅಳಿಯ ಹಜಾರದಲ್ಲಿ ಪಂಪಿನ ಮೋಟಾರು ಬಿಚ್ಚಿಕೊಂಡು ಕುಳಿತಿದ್ದ. ಅಕ್ಕ ಚಹಾ ಮಾಡಲು ಒಳಗೆ ಹೋದಳು. ಎಣ್ಣೆಯಣ್ಣ ಕುರ್ಚಿಯ ಅಂಚಿನಲ್ಲಿ ಕುಳಿತ.

"ಸರ್, ಎಣ್ಣೆ ಸರಿಯಾಗಿ ಬಂದಿಲ್ಲ."

"ಕಡಿಮೆ ಬಂತಾ?"

"ಬಂದಿದ್ದು ಕಡಿಮೆ ಇಲ್ಲ. ಹುಳಿ ಜಾಸ್ತಿ. ಎಣ್ಣೆಗೆ ಒಂದು ದ್ರಾವಣ ಹನಿ ಹನಿಯಾಗಿ ಬಿಡ್ತಾ ಹೋಗ್ತೀವಿ, ಗುಲಾಬಿ ಬಣ್ಣ ಬಂದ ಕೂಡಲೇ ನಿಲ್ಲಿಸ್ತೀವಿ. ಬೇಗ ಬಂದ್ರೆ ಹುಳಿ ಕಡಿಮೆ ಅಂತ ಲೆಕ್ಕ. ಮಿಕ್ಕವಕ್ಕೆಲ್ಲ ಸ್ವಲ್ಪದರಲ್ಲೇ ಬಂತು. ಇವಳಿಗೆ ಬಿಡ್ತಾನೇ ಇದ್ದೆ, ಬಿಡ್ತಾನೇ ಇದ್ದೆ. ನನ್ನ ಕೈ ತಪ್ಪಿರಬೇಕು ಅಂತ ಮತ್ತೆ ಮಾಡಿದೆ. ಅದೇ. ಇಂಥ ಎಣ್ಣೇನ ಇಂಧನ ಮಾಡೋಕೆ ಹೋದ್ರೆ ಅರ್ಧಕ್ಕರ್ಧ ಸೋಪಾಗಿಬಿಡುತ್ತೆ."

ಅಳಿಯ ಸ್ಕ್ರೂಡ್ರೈವರ್ ಕೆಳಗಿಟ್ಟ. ಎಣ್ಣೆಯಣ್ಣ ನನ್ನ ಕಡೆ ಬಗ್ಗಿದ.

"ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬೇಡಿ. ಮೂರು ವರ್ಷದ ಹಿಂದೆ ಇದೇ ಮರದ ಬೀಜ ನಾನೇ ನೋಡಿದ್ದೆ. ಇಷ್ಟು ಹುಳಿ ಇರಲಿಲ್ಲ. ಇಲ್ಲಿದ್ದಾಗ ಬೀಜಕ್ಕೆ ನೀರು ತಾಗಿತ್ತಾ? ಎಲ್ಲಾದ್ರೂ ಸೋರುತ್ತಾ?"

"ಸೋರೋದಾ?" ಎನ್ನುತ್ತ ಅಕ್ಕ ಚಹಾದ ತಟ್ಟೆ ಹಿಡಿದು ಬಂದಳು. "ನಾನಿರೋ ಮನೇಲಿ ಯಾವುದು ಸೋರುತ್ತಪ್ಪ? ನಾನೇ ಕೈಯಾರೆ ತೊಳೆದಿಟ್ಟಿದ್ದೆ. ಏನು ಧೂಳು, ಏನು ಕಪ್ಪು, ಕೇಳಬೇಡ. ನೀರಲ್ಲಿ ನೆನೆಹಾಕಿ, ಚೆನ್ನಾಗಿ ಉಜ್ಜಿ, ಟವೆಲಲ್ಲಿ ಒರೆಸಿ ಡಬ್ಬಕ್ಕೆ ತುಂಬಿದೆ. ಇರುವೆ ಹೋಗಬಾರದು ಅಂತ ಮುಚ್ಚಳಾನೂ ಬಿಗಿಯಾಗಿ ಹಾಕಿದೆ. ಹೊಳೀತಿದ್ವು ಅಲ್ವಾ?"

ಎಣ್ಣೆಯಣ್ಣ ಲೋಟ ತೆಗೆದುಕೊಂಡ.

"ಹೊಳೀತಿದ್ವು ಅತ್ತೆ" ಎಂದ.

ಅಳಿಯ ಎದ್ದು, ಮೋಟಾರು ಬಿಚ್ಚಿದ್ದು ಬಿಚ್ಚಿದ ಹಾಗೇ ಬಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. "ಚಹಾ ಕುಡೀದೆ ಹೋದ್ನಲ್ಲ" ಎಂದು ಅಕ್ಕ ಬಾಗಿಲ ಕಡೆ ನೋಡಿದಳು. ನಾನು "ಏನೋ ಕೆಲಸ ಇರಬೇಕು" ಎಂದೆ.

ಹೊರಡುವಾಗ ಮೆಟ್ಟಿಲ ಹತ್ತಿರ ಎಣ್ಣೆಯಣ್ಣ, ಎರಡು ದಾರಿ ಇದೆ ಎಂದು ನನಗೆ ಹೇಳಿದ. ಬಂದ ಅಂಕಿಯನ್ನೇ ಕೊಟ್ಟರೆ ತಳಿ ಕೆಟ್ಟದ್ದು ಎಂದಾಗುತ್ತದೆ, ಸಸಿಗಳು ಗೊಬ್ಬರದ ಗುಂಡಿಗೆ ಹೋಗುತ್ತವೆ, ಮರಗಳನ್ನು ಕಡಿಯುತ್ತಾರೆ. ಬೀಜ ನೆನೆದು ಕೆಟ್ಟಿತ್ತು ಎಂದು ಬರೆದರೆ ಆ ಅಂಕಿ ಲೆಕ್ಕಕ್ಕಿಲ್ಲ, ಮುಂದಿನ ಸುಗ್ಗಿಯವರೆಗೆ ತಳಿ ಉಳಿಯುತ್ತದೆ. ಆದರೆ ಹಾಗೆ ಬರೆಯಬೇಕಾದರೆ ಬೀಜ ಎಲ್ಲಿತ್ತು, ಯಾರು ಒಯ್ದರು ಎಂಬುದನ್ನೂ ಬರೆಯಬೇಕು. ನಿಯಮ ಮೀರಿ ಮನೆಗೆ ಒಯ್ದು ಮಾದರಿ ಕೆಡಿಸಿದವಳೆಂದು ಮಗಳ ಕಡತದಲ್ಲಿ ಷರಾ ಬೀಳುತ್ತದೆ. ಮನೆಯವರೂ ಬರೆದುಕೊಡಬೇಕು.

"ನಿನಗೆ?" ಎಂದೆ.

"ನನಗೂ ಒಂದು ಮೆಮೊ ಬರುತ್ತೆ. ಬರಲಿ ಬಿಡಿ, ಮೆಮೊ ನನಗೆ ಹೊಸದಲ್ಲ. ಅವಳ ಫೋಟೊ ನಮ್ಮ ಸಭಾಂಗಣದಲ್ಲಿ ಹಾಕ್ತೀವಿ ಅಂತಿದ್ರು. ಅದು ಆಮೇಲೆ ಹಾಕ್ತಾರೋ ಇಲ್ವೋ." ಚಪ್ಪಲಿ ಮೆಟ್ಟಿಕೊಳ್ಳುತ್ತ, "ನೀವು ಯಾವುದು ಹೇಳ್ತೀರೋ ಅದು, ಸರ್" ಎಂದ.

ಅಂದು ಸಂಜೆಯ ಪ್ರಾರ್ಥನೆಗೆ ಕುಳಿತಾಗ ದಿನಗಳ ಲೆಕ್ಕ ಹಾಕಿ ನೋಡಿದೆ. ಎಣ್ಣೆ ಚೆನ್ನಾಗಿ ಬರಲಿ ಎಂದು ಇಷ್ಟು ದಿನ ಬೇಡಿಕೊಂಡಿದ್ದೆ. ನಾನು ಬೇಡಲು ಶುರುಮಾಡುವ ಮೊದಲೇ ಬೀಜ ನೆನೆದಿತ್ತು. ಆಗಿಹೋದದ್ದನ್ನು ಆಗದಂತೆ ಮಾಡು ಎಂದು ಕೇಳುತ್ತಿದ್ದೆನೆಂದಾಯಿತು. ಭಗವಂತ ನನ್ನ ಪ್ರಾರ್ಥನೆಯನ್ನು ದಿನಾ ಕೇಳಿ, ಈ ಮುದುಕನಿಗೆ ಹೇಗೆ ತಿಳಿಸುವುದು ಎಂದು ಸುಮ್ಮನಿದ್ದನೇನೋ. ಕೈಮುಗಿದು ಎದ್ದೆ.

ಮರುದಿನ ಕೇಂದ್ರಕ್ಕೆ ಹೋದೆ. ಸಸಿಗಳನ್ನು ಕಣ್ಣಾರೆ ನೋಡಬೇಕೆನಿಸಿತ್ತು. ಹಸಿರು ಬಲೆಯ ಚಪ್ಪರದ ಕೆಳಗೆ ಕಪ್ಪು ಪ್ಲಾಸ್ಟಿಕ್ ಚೀಲಗಳ ಸಾಲು, ಸಾಲಿಗೊಂದು ತಗಡಿನ ಚೀಟಿ. ಪಕ್ಕದ ಸಾಲಿನ ಸಸಿಗಳು ಉದ್ದಕ್ಕೆ ಎದ್ದು ಸಣಕಲಾಗಿ ವಾಲಿದ್ದವು. ಬೇಲಿಯವಳ ಸಸಿಗಳು ಗಿಡ್ಡ; ಬುಡ ನನ್ನ ಹೆಬ್ಬೆರಳಿಗಿಂತ ದಪ್ಪ, ಎಲೆ ಅಗಲ, ನಾಳದಲ್ಲಿ ಸ್ವಲ್ಪ ಕೆಂಪು. ಚೀಲದ ತಳದ ತೂತಿನಿಂದ ಬೇರು ಹೊರಗೆ ಬಂದು ನೆಲ ಕಚ್ಚಿಕೊಂಡಿತ್ತು. ನೀರು ಬಿಡುವ ಹೆಂಗಸು ಪೈಪನ್ನು ಪಕ್ಕಕ್ಕೆ ಹಿಡಿದು, "ಅಮ್ಮಾವ್ರ ಅಪ್ಪಾನಾ?" ಎಂದು ಕೇಳಿದಳು. ಹೌದೆಂದೆ. "ಅಮ್ಮಾವ್ರು ಬಂದ್ರೆ ಮೊದಲು ಇವಳ ಹತ್ರಾನೇ ಬರೋರು. ಮಾತಾಡೋರು. ನಾನು ಫೋನಲ್ಲಿ ಮಾತಾಡ್ತಾರೆ ಅಂತಿದ್ದೆ" ಎಂದಳು. ನಾನು ಒಂದು ಎಲೆಯ ಮೇಲಿನ ಮಣ್ಣು ಒರೆಸಿ ಬಂದುಬಿಟ್ಟೆ. ಬರೆದುಕೊಡುವುದೆಂದು ಅಲ್ಲಿಯೇ ನಿಶ್ಚಯವಾಯಿತು.

ಅಳಿಯನಿಗೆ ಹೇಳಿದಾಗ ಅವನು ಹಿತ್ತಿಲಲ್ಲಿ ಕೈಗೆ ಮೆತ್ತಿದ ಗ್ರೀಸನ್ನು ಬಟ್ಟೆಯಲ್ಲಿ ಉಜ್ಜುತ್ತಿದ್ದ.

"ಬೇಡ ಮಾವ" ಎಂದ.

"ಸಸಿ ಉಳಿಯುತ್ತೆ ಕಣಪ್ಪ."

"ಸಸಿ ಉಳಿದು ನಾನೇನು ಮಾಡ್ಲಿ? ಅವಳ ಹೆಸರು ಒಂದು ಉಳಿದಿದೆ. ಹನ್ನೆರಡು ವರ್ಷ ಒಂದು ಮಾತು ಅನ್ನಿಸಿಕೊಳ್ಳದೆ ಕೆಲಸ ಮಾಡಿದ್ಲು. ಈಗ ಸತ್ತ ಮೇಲೆ ಕಳ್ಳೀ ಥರ ಬೀಜ ಮನೆಗೆ ತಂದ್ಲು, ಕೆಡಿಸಿದ್ಲು ಅಂತ ನೀವೇ ಬರೆದುಕೊಡ್ತೀರಾ? ಹೆತ್ತ ಅಪ್ಪ?"

"ತಂದಿದ್ದು ನಿಜ."

"ಕೆಡಿಸಿದ್ದು? ಅದೂ ನಿಜಾನಾ? ಸೋಪತ್ತೆ ಕೈ ಸೋಕಿದ್ದೆಲ್ಲ ಸೋಪಾಗುತ್ತೆ, ಎಣ್ಣೇನೂ ಬಿಡಲಿಲ್ಲ. ತೊಳೆದೋರು ಒಬ್ಬರು, ಮಸಿ ಬಳ್ಕೊಳ್ಳೋಳು ನನ್ನ ಹೆಂಡ್ತೀನಾ?"

"ಮೆಲ್ಲಗೆ" ಎಂದೆ. ತಡವಾಗಿತ್ತು. ಬಟ್ಟೆ ಒಣಗಿಸುವ ಹಗ್ಗದ ಆಚೆ, ಹರವಿದ ಹೊದಿಕೆಯ ಹಿಂದೆ ಅಕ್ಕನ ಕಾಲು ಕಾಣುತ್ತಿತ್ತು. ಹೊದಿಕೆ ಸರಿಸಿ ಈಚೆ ಬಂದಳು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ತೊಳೆದಿದ್ದಕ್ಕೆ ಕೆಟ್ಟಿತಾ?"

ಅಳಿಯ ಮುಖ ತಿರುಗಿಸಿದ. ನಾನು ಹೌದೆಂದು ತಲೆಯಾಡಿಸಿದೆ. ಅವಳು ಒಗೆಯುವ ಕಲ್ಲಿನ ಮೇಲೆ ಕುಳಿತಳು. ಬಹಳ ಹೊತ್ತು ಸೀರೆಯ ಸೆರಗಿನಲ್ಲಿ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡಳು.

"ಹಾಗಾದ್ರೆ ನನ್ನ ಹೆಸರು ಬರೀರಿ. ಅವಳ ಹೆಸರು ಯಾಕೆ? ತೊಳೆದೋಳು ನಾನು."

"ಅದು ಹಾಗೆ ಬರೆಯೋಕೆ ಆಗಲ್ಲ ಅಕ್ಕ."

"ಯಾಕಾಗಲ್ಲ? ನನಗೇನು ಹೆಸರಿಲ್ವಾ? ನನ್ನ ಕರ್ಕೊಂಡು ಹೋಗು, ಅವರಿಗೆ ನಾನೇ ಹೇಳ್ತೀನಿ."

ಹೇಳಿದರೆ ಕೇಳುವವಳಲ್ಲ. ಎರಡು ದಿನ ಊಟದ ತಟ್ಟೆಯ ಮುಂದೆ ಕುಳಿತು ಅನ್ನವನ್ನು ಬದಿಗೆ ಸರಿಸುತ್ತಲೇ ಇದ್ದಳು. ಮೂರನೆಯ ದಿನ ಕರೆದುಕೊಂಡು ಹೋದೆ.

ಕೇಂದ್ರದ ಮುಖ್ಯಸ್ಥೆ ನಡುವಯಸ್ಸಿನ ಹೆಂಗಸು. ನಮ್ಮನ್ನು ಕೂರಿಸಿ, ಫ್ಯಾನು ಹಾಕಿಸಿ, ಎಣ್ಣೆಯಣ್ಣನನ್ನೂ ಕರೆಸಿದಳು. ಮೇಜಿನ ಮೇಲೆ ಎಣ್ಣೆಯ ಪುಟ್ಟ ಬಾಟಲಿಗಳು ಸಾಲಾಗಿದ್ದವು. ಒಂದರ ಎಣ್ಣೆ ಮಾತ್ರ ಮಬ್ಬಾಗಿ, ಕಂದಿತ್ತು. ಅದೇ ಬೇಲಿಯವಳದೆಂದು ಯಾರೂ ತೋರಿಸಬೇಕಾಗಿರಲಿಲ್ಲ.

"ಮೇಡಂ, ಬೀಜ ತೊಳೆದಿದ್ದು ನಾನು" ಎಂದಳು ಅಕ್ಕ. "ಹುಡುಗಿಗೆ ಗೊತ್ತೇ ಇಲ್ಲ. ಅವಳು ಆಸ್ಪತ್ರೇಲಿದ್ದಳು. ನನ್ನ ಮೇಲೆ ಬರ್ಕೊಳ್ಳಿ."

ಮುಖ್ಯಸ್ಥೆ ಕನ್ನಡಕ ತೆಗೆದಳು. "ಅಮ್ಮ, ನೀವು ನಮ್ಮ ನೌಕರರಲ್ಲ. ಬೀಜ ಯಾರ ವಶದಲ್ಲಿತ್ತೋ ಅವರೇ ಜವಾಬ್ದಾರರು ಅಂತ ನಿಯಮ. ನಿಮ್ಮ ಹೆಸರು ನಾನು ಎಲ್ಲಿ ಅಂತ ಬರೀಲಿ?"

"ಎಲ್ಲಾದ್ರೂ ಬರೀರಿ. ಮೂಲೇಲಿ ಬರೀರಿ."

"ತೊಳೆದಿದ್ದು ಯಾಕಮ್ಮ? ಧೂಳಿತ್ತು ಅಂತಾನಾ?"

ಅಕ್ಕ ನನ್ನ ಕಡೆ ನೋಡಿದಳು. ನನಗೂ ಹೇಳದ ಏನೋ ಒಂದು ಅವಳಲ್ಲಿದೆ ಎಂದು ಆಗಲೇ ಗೊತ್ತಾದದ್ದು.

"ಧೂಳು ಅಂತ ಇವರಿಗೆಲ್ಲ ಹೇಳಿದೆ. ಧೂಳಲ್ಲ. ಅದು ವಿಷದ ಬೀಜ ಅಂತ ಅವಳೇ ಹೇಳಿದ್ಳು. ದಿನಾ ಅದರಲ್ಲೇ ಕೈಯಾಡಿಸ್ತಾ ಕೂತಿರೋಳು. ಕೂತ ಕಡೇನೇ ಬಿದ್ಳು. ಡಾಕ್ಟರು ರಕ್ತ ಕೆಟ್ಟಿದೆ ಅಂದ್ರು, ಯಾಕೆ ಕೆಟ್ಟಿತು ಅಂದ್ರೆ ಹೇಳೋಕೆ ಬರಲ್ಲ ಅಂದ್ರು. ನನಗೆ ಇದೇ ಅಂತ ಹೊಳೀತು. ಎಸೆಯೋಣ ಅಂದ್ರೆ ಅವಳ ಕೆಲಸದ ಬೀಜ, ಬಂದು ಕೇಳ್ತಾಳೆ. ಅದಕ್ಕೇ ವಿಷ ಬಿಡೋ ತನಕ ತೊಳೆದೆ. ನೀರು ತಿಳಿಯಾಗೋ ತನಕ ತೊಳೆದೆ. ತೊಳೆದ್ರೆ ವಾಸಿಯಾಗಿ ಬರ್ತಾಳೆ ಅಂದ್ಕೊಂಡೆ."

ಎಣ್ಣೆಯಣ್ಣ ಕಿಟಕಿಯ ಹೊರಗೆ ನೋಡುತ್ತಿದ್ದ. ಮುಖ್ಯಸ್ಥೆ ಎದ್ದು ಬಂದು ಅಕ್ಕನ ಪಕ್ಕದ ಕುರ್ಚಿಯಲ್ಲಿ ಕುಳಿತು ಅವಳ ಕೈ ಹಿಡಿದುಕೊಂಡಳು. "ಆ ಬೀಜದಿಂದ ಅವಳಿಗೆ ಏನೂ ಆಗಿರಲಿಲ್ಲಮ್ಮ. ನಾವೆಲ್ಲ ಮುಟ್ಟುತ್ತೀವಿ. ತಿಂದರೆ ಮಾತ್ರ ವಿಷ" ಎಂದಳು.

"ಹಾಗಾ?" ಎಂದಳು ಅಕ್ಕ. ಅದು ಅವಳಿಗೆ ಸಮಾಧಾನದ ಮಾತಾಗಿ ಕೇಳಲಿಲ್ಲ. ವಿಷವಾದರೂ ಕಾರಣವಾಗಿದ್ದರೆ, ತಾನು ಏನೋ ಮಾಡಿದೆ ಎಂದಾಗುತ್ತಿತ್ತು. ಈಗ ಅದೂ ಉಳಿಯಲಿಲ್ಲ.

ನಾನು ಬರೆದುಕೊಟ್ಟೆ. ಬೀಜವನ್ನು ನನ್ನ ಮಗಳು ನಿಯಮಕ್ಕೆ ಹೊರತಾಗಿ ಮನೆಗೆ ತಂದಿದ್ದಳು, ಮನೆಯಲ್ಲಿ ಅದು ನೀರು ತಾಗಿ ಕೆಟ್ಟಿತು ಎಂದು. ಬದುಕಿನುದ್ದಕ್ಕೂ ಬೇರೆಯವರ ಬರಹಕ್ಕೆ ಮೊಳೆ ಜೋಡಿಸಿದವನು. ಸ್ವಂತ ಎರಡು ವಾಕ್ಯ ಬರೆಯಲು ಮೂರು ಹಾಳೆ ಕೆಡಿಸಿದೆ. ಮುಖ್ಯಸ್ಥೆ ಅದನ್ನು ಓದಿ, ಅಕ್ಕನ ಹೆಸರನ್ನು ಕೇಳಿ, ನನ್ನ ಸಹಿಯ ಕೆಳಗೆ ಪೆನ್ಸಿಲಿನಲ್ಲಿ ಬರೆದಳು. ಅದಕ್ಕೆ ಬೆಲೆಯಿಲ್ಲವೆಂದು ನಮಗೆಲ್ಲ ಗೊತ್ತಿತ್ತು. ಅಕ್ಕನಿಗೂ ಗೊತ್ತಿದ್ದಿರಬೇಕು. "ಪೆನ್ನಲ್ಲಿ ಬರೀಬಹುದಿತ್ತು" ಎಂದಳು.

ಬೇಲಿಯವಳು ಮುಂದಿನ ಸುಗ್ಗಿಯವರೆಗೆ ಉಳಿದಿದ್ದಾಳೆ. ಆ ಮೇಲೂ ಎಣ್ಣೆ ಶುದ್ಧವಾಗಿ ಬರುತ್ತದೆಂದು ಯಾರೂ ಮಾತು ಕೊಟ್ಟಿಲ್ಲ. ಸಾಲಿನ ತಗಡಿನ ಚೀಟಿಯಲ್ಲಿ ಮಗಳ ಹೆಸರಿದ್ದ ಕಡೆ ಬೇರೊಬ್ಬರ ಹೆಸರು ಬಂದಿದೆಯಂತೆ. ಸಭಾಂಗಣದ ಫೋಟೊದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಅಳಿಯ ನನ್ನೊಡನೆ ಮಾತಾಡುತ್ತಾನೆ, ಬೇಕಾದಷ್ಟೇ: ಗ್ಯಾಸು ಮುಗಿದಿದೆ, ಬಾಗಿಲು ಹಾಕಿಕೊಳ್ಳಿ. ಅವನ ಮೇಲೆ ನನಗೆ ಬೇಸರವಿಲ್ಲ. ಅವನು ಕೇಳಿದ್ದೂ ಅನ್ಯಾಯವಲ್ಲ. ನಾನು ದೇವರಲ್ಲಿ ಈಗ ಎಣ್ಣೆಯ ವಿಚಾರ ಎತ್ತುವುದಿಲ್ಲ.

ಕೇಂದ್ರದಿಂದ ಬಂದ ಮೇಲೆ ಅಕ್ಕ ಮಂಕಾದಳು. ನಾವಿಬ್ಬರೂ ಅವಳೊಡನೆ ಮೆದುವಾಗಿ ನಡೆದುಕೊಳ್ಳುತ್ತಿದ್ದೆವು. ಅಳಿಯ ತನ್ನ ತಟ್ಟೆಯನ್ನು ತಾನೇ ಎತ್ತಿಡುತ್ತಿದ್ದ. ಅತ್ತೆಯೊಡನೆ ತಮಾಷೆಯನ್ನೂ ಆಡುತ್ತಿರಲಿಲ್ಲ. ಒಂದು ಬೆಳಿಗ್ಗೆ ನಾನು ಪತ್ರಿಕೆ ಓದುತ್ತಿದ್ದಾಗ ಎದುರಿಗೆ ಬಂದು ಕುಳಿತಳು.

"ಅವಳು ಇದ್ದಿದ್ರೆ ಏನು ಅಂತಿದ್ಳೋ?"

"ಬೈತಿದ್ಳು" ಎಂದೆ.

"ಚೆನ್ನಾಗಿ ಬೈತಿದ್ಳಾ?"

"ಮನೆ ಹಾರಿಹೋಗೋ ಹಾಗೆ ಬೈತಿದ್ಳು ಅಕ್ಕ. ಎಷ್ಟು ವರ್ಷದ ಕೆಲಸ."

ಅವಳು ಸ್ವಲ್ಪ ಮುಂದಕ್ಕೆ ಸರಿದಳು. "ಯಾರೂ ಬೈಲಿಲ್ಲ ಕಣೋ. ಆ ಮೇಡಂ ಕೈ ಹಿಡ್ಕೊಂಡ್ಳು. ಎಣ್ಣೆಯೋನು ಹೊಳೀತಿದ್ವು ಅಂದ. ಅಳಿಯಂದ್ರು ಅವತ್ತು ಒಂದು ಮಾತು ಅಂದು ಆಮೇಲೆ ಬಾಯಿ ಹೊಲ್ಕೊಂಡ್ರು. ನನಗೆ ತಡ್ಕೊಳ್ಳೋಕೆ ಆಗ್ತಿಲ್ಲ. ನೀನಾದ್ರೂ ಬೈಯೋ, ಅವಳು ಬೈಯೋ ಹಾಗೆ."

ನಾನು ಪತ್ರಿಕೆ ಮಡಿಸಿದೆ. ಅವಳು ನನಗಿಂತ ಹಿರಿಯಳು. ಹುಟ್ಟಿದಾರಭ್ಯ ಅವಳಿಗೆ ಎದುರಾಡಿದವನಲ್ಲ. ಗಂಟಲು ಸರಿಮಾಡಿಕೊಂಡು, "ನಿಂಗೆ ಬುದ್ಧಿ ಇದೆಯಾ ಅತ್ತೆ" ಎಂದು ಶುರುಮಾಡಿದೆ. ಮಗಳ ಮಾತಿನ ಧಾಟಿ ನನ್ನ ಬಾಯಲ್ಲಿ ಹೇಗೋ ಬಂತು. "ನನ್ನ ವಸ್ತು ಮುಟ್ಟಬೇಡ ಅಂತ ಎಷ್ಟು ಸಲ ಹೇಳಿಲ್ಲ? ಬೀಜ ತೊಳೀತಾರಾ ಯಾರಾದ್ರೂ? ಕಂಡದ್ದಕ್ಕೆಲ್ಲ ನೀರು ಹಾಕ್ತೀಯಲ್ಲ, ಏನು ಮಾಡಿಟ್ಟಿದ್ದೀಯ ನೋಡು..."

ಅಕ್ಕ ತಲೆ ತಗ್ಗಿಸಿ ಕೇಳುತ್ತಿದ್ದಳು. ನಾನು ನಿಲ್ಲಿಸಿದಾಗ ತಲೆ ಎತ್ತದೆಯೇ, "ಇನ್ನೂ ಸ್ವಲ್ಪ" ಎಂದಳು.